‘ಮುಂದ ಏನ್ ಓದ್ಲಿ?’ ಎಂಬ ಪ್ರಶ್ನೆಯ ಸುತ್ತ

ಗದಗ ತಾಲೂಕಿನ ಹಿರೇಹಂದಿಗೋಳಕ್ಕೆ ನಾವು ಹೋಗಿದ್ದು ಒಂದು ಮದುವೆಗೆ. ನಿಕಾಹ್ ಮುಗಿದು, ಊಟವಾಗಿ, ಎಲ್ಲರೂ ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ ಹೊತ್ತು. ಆ ಮನೆಯ ಹುಡುಗಿಯೊಬ್ಬಳು ಒಳಗಿನಿಂದ ಬಂದಳು. ಪಿಯುಸಿ ಓದುವ ಹುಡುಗಿ. ದಿನವೂ ಬಸ್ಸು ಹಿಡಿದು ಗದಗಿಗೆ ಹೋಗಿ ಬರುವವಳು. ಕೂತವರಲ್ಲಿ ಕೆಲವರು ಪುಸ್ತಕದ ಮಂದಿ ಎಂಬುದು ಅವಳಿಗೆ ಗೊತ್ತಿತ್ತು. ನೇರವಾಗಿ ಕೇಳಿದಳು: “ಚಂದ್ರಗಿರಿಯ ತೀರದಲ್ಲಿ ಓದಿ ಮುಗಿಸೀನ್ರಿ. ಮುಂದ ಏನ್ ಓದ್ಲಿ, ಯಾರರ ಹೇಳ್ರಿ.”

ಉತ್ತರಗಳಿಗೆ ಬರವಿರಲಿಲ್ಲ. ಮನೆಯವರ ಸ್ನೇಹಿತರಾದ ಹೈಸ್ಕೂಲು ಮಾಸ್ತರರೊಬ್ಬರು, “ಕನ್ನಡ ಓದೂದು ಅಂದ ಮ್ಯಾಲ ‘ಮಲೆಗಳಲ್ಲಿ ಮದುಮಗಳು’ ಓದಬೇಕವಾ” ಎಂದರು. ಅವರ ಪಕ್ಕದವರು ‘ಮೂಕಜ್ಜಿಯ ಕನಸುಗಳು’ ಎಂದರು. ಹುಡುಗಿಯ ಚಾಚಾ, “ಕಾದಂಬರಿ ಯಾಕ? ನಮ್ಮ ದೀನಿನ ಪುಸ್ತಕ ಎಷ್ಟ ಅದಾವು, ಅವನ್ನ ಓದು” ಎಂದರು. ನಮ್ಮ ಸರದಿ ಬಂದಾಗ ನಾವೂ ಹಿಂದೆ ಬೀಳಲಿಲ್ಲ. ಸಾರಾ ಅವರದೇ ‘ಸಹನಾ’, ‘ವಜ್ರಗಳು’. ಅವು ಮುಗಿದ ಮೇಲೆ ಬಾನು ಮುಷ್ತಾಕ್, ಆಮೇಲೆ ಬೊಳುವಾರು, ಆಮೇಲೆ ಕಟ್ಪಾಡಿ ಎಂದು ಒಂದೇ ಉಸಿರಿನಲ್ಲಿ ಪಟ್ಟಿ ಒಪ್ಪಿಸಿಬಿಟ್ಟೆವು. ಹುಡುಗಿ ಎಲ್ಲವನ್ನೂ ಮೊಬೈಲಿನಲ್ಲಿ ಬರೆದುಕೊಂಡಳು. ಆದರೆ ಕೇಳಿದ್ದಕ್ಕೆ ಉತ್ತರ ಸಿಕ್ಕಿತೆಂಬ ಸಮಾಧಾನ ಅವಳ ಮುಖದಲ್ಲಿ ಕಾಣಲಿಲ್ಲ.

ಆಗ ಮಾತಾಡಿದ್ದು, ಮದುವೆ ಕೆಲಸಕ್ಕೆಂದು ಬಂದಿದ್ದ ಬಾಜೂ ಮನೆಯ ಅಜ್ಜಿ. ಅಕ್ಷರ ಬಾರದವರು. “ಎಲ್ಲಾರೂ ಬರೇ ಹೆಸರ ಹೇಳಾಕತ್ತೀರಿ. ಆಕಿ ಓದಿದ್ರಾಗ ಏನ ಐತಿ ಅಂತ ಒಬ್ರೂ ಕೇಳವಲ್ರಿ” ಎಂದರು. ಹುಡುಗಿ ಅಜ್ಜಿಯ ಪಕ್ಕ ಕೂತು ನಾದಿರಾಳ ಕತೆ ಹೇಳಿದಳು. ತಂದೆಯ ಹಠಕ್ಕೆ ಮದುವೆ ಮುರಿದದ್ದು, ಗಂಡಹೆಂಡಿರು ಮತ್ತೆ ಕೂಡಬೇಕೆಂದಾಗ ನಿಯಮದ ಹೆಸರಿನಲ್ಲಿ ಅವಳ ಮುಂದಿಟ್ಟ ಷರತ್ತು, ಕೊನೆಗೆ ಮಸೀದಿಯ ಕೆರೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ತವರೂರಾಗ ಕುಲಕರ್ಣ್ಯಾರ ಮನ್ಯಾಗ ಒಬ್ಬಾಕಿ ಇದ್ಳು. ಸಣ್ಣಾಕಿ ಇದ್ದಾಗ ಗಂಡ ಸತ್ತಿದ್ದ. ಬೋಳ ತಲಿ, ಕೆಂಪ ಸೀರಿ. ಆಕಿ ಕತಿನೂ ಯಾರರ ಬರದಾರೇನವಾ?” ಎಂದರು.

ಬರೆದಿದ್ದಾರೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’, 1976ರಲ್ಲಿ ಬಂದದ್ದು. ಅಷ್ಟು ಹೊತ್ತು ಪಟ್ಟಿ ಹೇಳುತ್ತಿದ್ದ ನಮಗ್ಯಾರಿಗೂ ಅದು ನೆನಪಾಗಿರಲಿಲ್ಲ. ಓದಲು ಬಾರದ ಹೆಂಗಸೊಬ್ಬರು ಒಂದು ಪ್ರಶ್ನೆ ಕೇಳಿದ್ದರಿಂದ ಆ ಹುಡುಗಿಯ ಮುಂದಿನ ಪುಸ್ತಕ ಸಿಕ್ಕಿತು. ಈ ಲೇಖನ ಆ ಮಧ್ಯಾಹ್ನದ ನಮ್ಮ ನಾಚಿಕೆಯಿಂದ ಹುಟ್ಟಿದ್ದು.

ಮುಂದೆ ಏನು ಓದಲಿ ಎಂದು ಒಬ್ಬ ಓದುಗ ಇನ್ನೊಬ್ಬ ಓದುಗನನ್ನು ಕೇಳುವುದು ಸಣ್ಣ ಸಂಗತಿಯಂತೆ ಕಾಣುತ್ತದೆ. ಆದರೆ ಅದಕ್ಕೆ ಕೊಡುವ ಉತ್ತರ ಸಾಹಿತ್ಯ ವಿಮರ್ಶೆಯ ಅತ್ಯಂತ ಚಿಕ್ಕ ರೂಪ ಎಂದು ನಮಗನ್ನಿಸುತ್ತದೆ. ಪತ್ರಿಕೆಯಲ್ಲಿ ಬರುವ ವಿಮರ್ಶೆ ತಪ್ಪಾದರೆ ಲೇಖಕ ಸಿಟ್ಟಾಗುತ್ತಾನೆ, ಅಷ್ಟೇ. ಇಲ್ಲಿ ತಪ್ಪಾದರೆ ಓದು ನಿಂತೇ ಹೋಗಬಹುದು. ಮೊದಲ ಕಾದಂಬರಿಯನ್ನು ಆಸೆಯಿಂದ ಮುಗಿಸಿದ ಹದಿನೇಳರ ಹುಡುಗಿಗೆ ಎರಡನೆಯದು ಹಿಡಿಸದಿದ್ದರೆ ಮೂರನೆಯದನ್ನು ಅವಳು ಕೇಳುವುದಿಲ್ಲ. ಮನೆಗೆಲಸ, ಪರೀಕ್ಷೆ, ಮದುವೆ ಮಾತು ಇವೆಲ್ಲ ಅವಳ ಓದನ್ನು ನಿಲ್ಲಿಸಲು ಕಾದೇ ಇರುತ್ತವೆ. ಹೀಗಿರುವಾಗ ಹೇಳುವವರ ಹೊಣೆ ದೊಡ್ಡದು.

ಆ ದಿನದ ಉತ್ತರಗಳನ್ನು ಮತ್ತೆ ನೋಡೋಣ. ಮಾಸ್ತರರು ಹೆಸರಿಸಿದ್ದು ನಿಸ್ಸಂದೇಹವಾಗಿ ಕನ್ನಡದ ದೊಡ್ಡ ಕಾದಂಬರಿ. ಆದರೆ ಅವರು ಹೇಳಿದ್ದು ಕನ್ನಡದ ಮರ್ಯಾದೆಗೆ ತಕ್ಕ ಉತ್ತರವನ್ನು, ಎದುರಿಗಿದ್ದ ಹುಡುಗಿಗೆ ತಕ್ಕ ಉತ್ತರವನ್ನಲ್ಲ. ಚಾಚಾ ಅವರದು ಕಾಳಜಿಯ ಮಾತು. ದೀನಿನ ಪುಸ್ತಕ ಓದಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ಆ ಸಲಹೆ ಅವಳು ಓದಿದ ಪುಸ್ತಕವನ್ನು ಮುಚ್ಚಿಡುವ ಉಪಾಯವೂ ಆಗಿತ್ತು. ಎಲ್ಲಕ್ಕಿಂತ ಕೆಟ್ಟದ್ದು ನಮ್ಮದು. ಲೇಖಕಿಯ ಹೆಸರು ಸಾರಾ, ಓದಿದವಳೂ ಮುಸ್ಲಿಂ ಹುಡುಗಿ, ಆದ್ದರಿಂದ ಮುಂದಿನದೂ ಮುಸ್ಲಿಂ ಲೇಖಕರದೇ ಎಂದು ನಾವು ಲೆಕ್ಕ ಹಾಕಿದೆವು. ಪುಸ್ತಕವನ್ನೂ ಓದುಗಳನ್ನೂ ಹೆಸರು ನೋಡಿ ವಿಂಗಡಿಸಿದೆವು. ಬೇರೆಯವರು ನಮ್ಮನ್ನು ಹೀಗೆ ವಿಂಗಡಿಸಿದಾಗ ನೋವಾಗುತ್ತದೆ ಎಂದು ಇದೇ ಪುಟಗಳಲ್ಲಿ ಬರೆಯುವವರು ನಾವು!

ಅಜ್ಜಿ ಸೂಚಿಸಿದ ದಾರಿ ಯಾಕೆ ಸರಿಯಾದದ್ದು ಎಂಬುದಕ್ಕೆ ಎರಡೂ ಕಾದಂಬರಿಗಳನ್ನು ಜೊತೆಗಿಟ್ಟು ನೋಡಬೇಕು. 1980ರ ದಶಕದ ಆರಂಭದಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ‘ಚಂದ್ರಗಿರಿಯ ತೀರದಲ್ಲಿ’ ಕಾಸರಗೋಡು ಕಡೆಯ ಮುಸ್ಲಿಂ ಕುಟುಂಬವೊಂದರ ಕತೆ. ‘ಫಣಿಯಮ್ಮ’ ಮಲೆನಾಡಿನ ಬ್ರಾಹ್ಮಣ ಕುಟುಂಬದ ಬಾಲವಿಧವೆಯೊಬ್ಬಳ ಕತೆ. ಭಾಷೆ, ಊಟ, ಉಡುಗೆ, ದೇವರು ಎಲ್ಲವೂ ಬೇರೆ. ಆದರೆ ಎರಡರಲ್ಲೂ ಒಂದು ಹೆಣ್ಣಿನ ಒಡಲಿನ ಮೇಲೆ ಇತರರು ಶಾಸ್ತ್ರದ ಹೆಸರಿನಲ್ಲಿ ತೀರ್ಪು ಬರೆಯುತ್ತಾರೆ. ಬರೆಯುವವರು ದುಷ್ಟರೇನಲ್ಲ, ಆ ಹೆಣ್ಣನ್ನು ಪ್ರೀತಿಸುವ ತಂದೆಯೂ ಬಂಧುಗಳೂ ಅವರಲ್ಲಿದ್ದಾರೆ. ಎರಡೂ ಕಾದಂಬರಿಗಳ ನಿಜವಾದ ಬಲ ಇರುವುದು ಇಲ್ಲಿ.

ಇಷ್ಟೇ ಆಗಿದ್ದರೆ ಎರಡನೆಯದು ಮೊದಲನೆಯದರ ಪುನರಾವರ್ತನೆಯಾಗುತ್ತಿತ್ತು. ಹಾಗಲ್ಲ. ನಾದಿರಾ ಎಳೆಯ ವಯಸ್ಸಿನಲ್ಲೇ ಮುರಿದುಹೋಗುತ್ತಾಳೆ. ಅವಳ ಸಾವು ಓದುಗರಲ್ಲಿ ಸಿಟ್ಟು ಹುಟ್ಟಿಸಿ ಅಲ್ಲಿಗೇ ಬಿಟ್ಟುಬಿಡುತ್ತದೆ. ಫಣಿಯಮ್ಮ ನೂರು ದಾಟುವವರೆಗೆ ಬದುಕುತ್ತಾಳೆ. ತನ್ನ ಮೇಲೆ ಹೇರಿದ್ದನ್ನೆಲ್ಲ ತುಟಿ ಬಿಚ್ಚದೆ ಸಹಿಸಿದವಳು, ಅದೇ ಕ್ರೌರ್ಯ ಇನ್ನೊಬ್ಬ ಎಳೆಯ ವಿಧವೆಯ ಮೇಲೆ ನಡೆಯಹೊರಟಾಗ ಆ ಹುಡುಗಿಯ ಪರವಾಗಿ ನಿಲ್ಲುತ್ತಾಳೆ. ಸಿಟ್ಟಿನಿಂದ ಪುಸ್ತಕ ಮುಚ್ಚಿದ ಹುಡುಗಿಗೆ, ಸಿಟ್ಟಿನ ಆಚೆಗೆ ಏನಿದೆ ಎಂದು ತೋರಿಸುವ ಪುಸ್ತಕ ಅದು. ಮುಂದಿನ ಪುಸ್ತಕ ಹಿಂದಿನದರ ಜೊತೆ ಮಾತಾಡಬೇಕು ಎಂದರೆ ಇದೇ. ಹಾಗೆಯೇ, ‘ಫಣಿಯಮ್ಮ’ ಓದಿ ಕಣ್ಣೊರೆಸಿಕೊಂಡ ಯಾವುದೋ ಮನೆಯ ಹುಡುಗಿ ನಾಳೆ ಇದೇ ಪ್ರಶ್ನೆ ಕೇಳಿದರೆ ಅವಳ ಕೈಗೆ ‘ಚಂದ್ರಗಿರಿ’ಯನ್ನು ಕೊಡಬೇಕು. ಆಗ ಒಬ್ಬಳಿಗೆ ‘ಅವರ ಧರ್ಮವೇ ಹಾಗೆ’ ಎಂಬ ಮಾತು ನಾಲಗೆಗೆ ಬರುವುದಿಲ್ಲ; ಇನ್ನೊಬ್ಬಳಿಗೆ ‘ನಮ್ಮಲ್ಲಿ ಮಾತ್ರ ಹೀಗೆ’ ಎಂಬ ಕೀಳರಿಮೆ ಉಳಿಯುವುದಿಲ್ಲ.

ಅಜ್ಜಿಗೆ ಈ ವಿವೇಕ ಎಲ್ಲಿಂದ ಬಂತು? ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಶ್ರಾವಣ ಬಂತೆಂದರೆ ಗುಡಿಯಲ್ಲೋ ಮಠದಲ್ಲೋ ಪುರಾಣ ಹಚ್ಚುತ್ತಾರೆ. ಓದುವವರು ಒಬ್ಬರು, ಅರ್ಥ ಹೇಳುವವರು ಒಬ್ಬರು, ಕೇಳುವವರು ಊರ ಮಂದಿ. ಈ ವರ್ಷ ಯಾವ ಪುರಾಣ ಹಚ್ಚೋಣ ಎಂಬುದನ್ನು ಹಿರಿಯರು ಕೂತು ಮಾತಾಡಿ ಗೊತ್ತುಮಾಡುತ್ತಾರೆ. ಹೋದ ವರ್ಷ ಯಾವುದಾಗಿತ್ತು, ಮಂದಿ ಎಲ್ಲಿ ಅತ್ತರು, ಎಲ್ಲಿ ತೂಕಡಿಸಿದರು ಎಂಬ ಲೆಕ್ಕವೂ ಆ ಮಾತಿನಲ್ಲಿ ಬರುತ್ತದೆ. ಅಕ್ಷರ ಬಾರದವರಿಗೂ ಅಲ್ಲಿ ಅಭಿಪ್ರಾಯವಿರುತ್ತದೆ, ಯಾಕೆಂದರೆ ಕೇಳುವವರು ಅವರೇ. ಮುಂದಿನ ಪುಸ್ತಕವನ್ನು ಜೊತೆಯವರು ಕೂಡಿ ಆರಿಸುವ ಪದ್ಧತಿ ನಮಗೆ ಹೊಸದಲ್ಲ. ಈ ಸೀಮೆಯಲ್ಲಿ ಅದಕ್ಕೆ ಜಾತಿಯ ಗೋಡೆಯೂ ಗಟ್ಟಿಯಾಗಿರಲಿಲ್ಲ. ಶಿಶುನಾಳದ ಶರೀಫರು (1819–1889) ಚಾಮರಸನ ‘ಪ್ರಭುಲಿಂಗಲೀಲೆ’ಯನ್ನು ಊರವರಿಗೆ ಓದಿ ಹೇಳುತ್ತಿದ್ದರೆಂಬ ಪ್ರತೀತಿಯಿದೆ. ಶರೀಫರ ಕೈಗೆ ಆ ಪುಸ್ತಕ ಬಂದಾಗ ‘ಇದು ನಿಮ್ಮದಲ್ಲ’ ಎಂದು ಯಾರೋ ತಡೆದಿದ್ದರೆ ಕನ್ನಡ ಎಷ್ಟು ಬಡವಾಗುತ್ತಿತ್ತು!

ಅಚ್ಚಿನ ಕಾಲಕ್ಕೆ ಬಂದರೆ ನಮ್ಮ ಪ್ರದೇಶವೇ ಎರಡು ದೊಡ್ಡ ಮಾದರಿಗಳನ್ನು ಕೊಟ್ಟಿದೆ. ಮೊದಲನೆಯದು ಗಳಗನಾಥರದು (1869–1942). ಕನ್ನಡ ಕಾದಂಬರಿಯ ಆರಂಭದ ದಿನಗಳಲ್ಲಿ ಅವರು ಬರೆದು ಅಚ್ಚು ಹಾಕಿಸಿದ್ದಷ್ಟೇ ಅಲ್ಲ, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಪುಸ್ತಕದ ಹೆಸರು ಹೇಳುವುದಕ್ಕೂ ಪುಸ್ತಕವನ್ನು ಮನೆ ಬಾಗಿಲಿಗೆ ತಲುಪಿಸುವುದಕ್ಕೂ ಇರುವ ಅಂತರವನ್ನು ಅವರು ತಮ್ಮ ಹೆಗಲ ಮೇಲೆ ಹೊತ್ತುಕೊಂಡರು.

ಎರಡನೆಯದು ಧಾರವಾಡದ ಮನೋಹರ ಗ್ರಂಥಮಾಲೆ. 1933ರಲ್ಲಿ ಜಿ.ಬಿ. ಜೋಶಿಯವರು ಗೆಳೆಯರ ಜೊತೆ ಕಟ್ಟಿದ ಈ ಸಂಸ್ಥೆ ಚಂದಾದಾರರನ್ನು ನಂಬಿ ಬೆಳೆಯಿತು. ಚಂದಾದಾರ ಮುಂಗಡ ಹಣ ಕಟ್ಟುತ್ತಾನೆ; ಯಾವ ಪುಸ್ತಕ ಬರುತ್ತದೆಂದು ಅವನಿಗೆ ಗೊತ್ತಿರುವುದಿಲ್ಲ. ಆರಿಸುವ ಕೆಲಸವನ್ನು ಅವನು ಇನ್ನೊಬ್ಬ ಓದುಗನಿಗೆ ಒಪ್ಪಿಸಿರುತ್ತಾನೆ. ಆ ಇನ್ನೊಬ್ಬ ಓದುಗ ಬಹುಕಾಲ ಕೀರ್ತಿನಾಥ ಕುರ್ತಕೋಟಿಯವರಾಗಿದ್ದರು. 1928ರಲ್ಲಿ ಗದಗಿನಲ್ಲಿ ಹುಟ್ಟಿದ ಅವರು ಗ್ರಂಥಮಾಲೆಯ ಸಾಹಿತ್ಯ ಸಲಹೆಗಾರರು. 1961ರಲ್ಲಿ ಗಿರೀಶ ಕಾರ್ನಾಡ ಎಂಬ ಹೊಸ ಹುಡುಗನ ‘ಯಯಾತಿ’, ಅದೇ ವರ್ಷ ಶಾಂತಿನಾಥ ದೇಸಾಯಿಯವರ ‘ಮುಕ್ತಿ’, 1965ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ ಹೀಗೆ ಗ್ರಂಥಮಾಲೆಯಿಂದ ಹೊರಬಂದವು. ಇವನ್ನು ಕಳಿಸಿಕೊಡಿ ಎಂದು ಯಾವ ಚಂದಾದಾರನೂ ಕೇಳಿರಲು ಸಾಧ್ಯವಿಲ್ಲ. ಕೇಳದೇ ಬಂದದ್ದರಿಂದಲೇ ಒಂದು ತಲೆಮಾರಿನ ರುಚಿ ಬದಲಾಯಿತು. ಒಳ್ಳೆಯ ಸಲಹೆಗಾರ ನಮಗೆ ಬೇಕಾದದ್ದನ್ನೇ ಕೊಡುವವನಲ್ಲ. ನಮಗೆ ಬೇಕೆಂದು ನಮಗೇ ಗೊತ್ತಿರದ ಪುಸ್ತಕವನ್ನು ಕೊಡುವವನು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದರೆ ಈ ಮಾದರಿಗೂ ಒಂದು ಮಿತಿಯಿದೆ. ಆರಿಸುವವರು ಯಾರು, ಅವರ ಕಣ್ಣಿಗೆ ಬೀಳುವ ಲೋಕ ಎಷ್ಟು ದೊಡ್ಡದು ಎಂಬುದರ ಮೇಲೆ ಎಲ್ಲವೂ ನಿಂತಿರುತ್ತದೆ. ಬಾನು ಮುಷ್ತಾಕರ ಮೊದಲ ಸಂಕಲನ ‘ಹೆಜ್ಜೆ ಮೂಡಿದ ಹಾದಿ’ 1990ರಲ್ಲಿ, ‘ಬೆಂಕಿ ಮಳೆ’ 1999ರಲ್ಲಿ ಬಂತು. ‘ಕರಿ ನಾಗರಗಳು’ ಕತೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 2004ರಲ್ಲಿ ‘ಹಸೀನಾ’ ಚಿತ್ರ ಮಾಡಿದರು. ಇಷ್ಟಾದರೂ, 2025ರ ಮೇ ತಿಂಗಳಿನಲ್ಲಿ ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದ ಮೇಲೆ, “ಇವರ ಕನ್ನಡ ಪುಸ್ತಕ ಯಾವುದಿದೆ?” ಎಂದು ನಮ್ಮನ್ನು ಕೇಳಿದವರಲ್ಲಿ ಹಲವು ದಶಕಗಳ ಕನ್ನಡ ಓದುಗರೂ ಇದ್ದರು. ಮೂವತ್ತೈದು ವರ್ಷ ಅವರಿಗೆ ಯಾರೂ ಹೇಳಿರಲಿಲ್ಲ; ಅವರೂ ಯಾರನ್ನೂ ಕೇಳಿರಲಿಲ್ಲ.

ಆ ದಿನಗಳಲ್ಲಿ ಇನ್ನೊಂದು ಬಗೆಯ ಪ್ರಶ್ನೆಯೂ ಬಂತು. “ಮುಸ್ಲಿಮರ ಬದುಕು ತಿಳಿಯಬೇಕು, ಒಂದು ಪುಸ್ತಕ ಹೇಳಿ.” ಕೇಳುವವರ ಮನಸ್ಸು ಒಳ್ಳೆಯದೇ. ಆದರೂ ಈ ಪ್ರಶ್ನೆ ನಮ್ಮನ್ನು ಇಕ್ಕಟ್ಟಿಗೆ ಸಿಲುಕಿಸುತ್ತದೆ. ಕನ್ನಡದ ಇತರ ಲೇಖಕರನ್ನು ಕತೆಗಾಗಿ ಓದುವವರು ಮುಸ್ಲಿಂ ಲೇಖಕರನ್ನು ಮಾತ್ರ ಮಾಹಿತಿಗಾಗಿ ಓದುತ್ತಾರೆಯೇ? ಒಂದು ಪುಸ್ತಕ ಇಡೀ ಸಮುದಾಯದ ಗುರುತಿನ ಚೀಟಿಯಾಗುವುದು ಆ ಪುಸ್ತಕಕ್ಕೂ ಅನ್ಯಾಯ, ಸಮುದಾಯಕ್ಕೂ ಅನ್ಯಾಯ. ಹಾಗೆಂದು ನಾವು ಕೊಟ್ಟ ಉತ್ತರವೇನು ಪ್ರಾಮಾಣಿಕವಾಗಿತ್ತೇ? ಕೆಲವರು ಸಮುದಾಯದ ಒಳಗಿನ ಹುಣ್ಣು ತೋರಿಸುವ ಪುಸ್ತಕಗಳನ್ನು ಬಚ್ಚಿಟ್ಟು, ‘ಒಳ್ಳೆಯ ಚಿತ್ರ’ ಕೊಡುವವನ್ನೇ ಮುಂದೆ ಮಾಡಿದೆವು. ಮಸೀದಿಯೊಳಗೆ ಹೆಣ್ಣುಮಕ್ಕಳ ಪ್ರವೇಶದ ಹಕ್ಕಿನ ಪರವಾಗಿ ಮಾತಾಡಿದ್ದಕ್ಕೆ 2000ದಲ್ಲಿ ಬಾನು ಅವರು ಸಾಮಾಜಿಕ ಬಹಿಷ್ಕಾರ ಎದುರಿಸಿದರು. ಅಂದು ಸುಮ್ಮನಿದ್ದವರು 2025ರಲ್ಲಿ ಅವರ ಹೆಸರನ್ನು ಹೆಮ್ಮೆಯಿಂದ ಹೇಳುವಾಗ, ಆ ಹೆಮ್ಮೆಗೆ ಮೊದಲು ಅವರ ಕತೆಗಳನ್ನು ಓದಿದ್ದೇವೆಯೇ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಈ ಇಕ್ಕಟ್ಟಿನಿಂದ ಹೊರಬರಲು ಅಜ್ಜಿಯ ದಾರಿಯೇ ಸಾಕು. ‘ಮುಸ್ಲಿಂ ಪುಸ್ತಕ’ ಕೇಳಿದವರನ್ನು, ನೀವು ಕೊನೆಯದಾಗಿ ಮನಸಾರೆ ಓದಿದ್ದು ಯಾವುದು ಎಂದು ತಿರುಗಿ ಕೇಳಬೇಕು. ಕಾರಂತರ ಊರುಗಳನ್ನು ಮೆಚ್ಚಿದವರಿಗೆ ಬೊಳುವಾರರ ಮುತ್ತುಪ್ಪಾಡಿ ಹತ್ತಿರವಾಗುತ್ತದೆ. ವಚನ, ತತ್ವಪದಗಳಲ್ಲಿ ಮನಸ್ಸಿರುವವರಿಗೆ ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ ಕೊಡಬಹುದು; ಲಕ್ಷ್ಮೇಶ್ವರದ ದೂದನಾನಾ ದರ್ಗಾಕ್ಕೆ ನಡೆದುಕೊಳ್ಳುವ ಎಷ್ಟೋ ಮನೆಗಳಿಗೆ ಅದು ತಮ್ಮದೇ ಮನೆಯ ಪುಸ್ತಕ ಅನ್ನಿಸೀತು. ಭಾವಗೀತೆ ಇಷ್ಟಪಡುವವರಿಗೆ ನಿಸಾರ್ ಅಹಮದ್. ಇಲ್ಲಿ ಲೇಖಕರ ಹೆಸರು ಕೊನೆಗೆ ಬರುತ್ತದೆ, ಓದುಗರ ಮನಸ್ಸು ಮೊದಲು.

ಹೆಸರು ಹೇಳಿದರೆ ಸಾಲದು, ಪುಸ್ತಕ ಕೈಗೆ ಸಿಗಬೇಕು ಎಂಬ ಮಾತೂ ಇದೆ. 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರಿಗೆ ಗ್ರಂಥಾಲಯದ ಸದಸ್ಯತ್ವ ಸಿಕ್ಕಿದ್ದು 1963ರಲ್ಲಿ, ಇಪ್ಪತ್ತೇಳರ ಆಸುಪಾಸಿನಲ್ಲಿ. ಹೆಣ್ಣುಮಕ್ಕಳ ಓದಿಗೆ ಸಮುದಾಯ ಹಾಕಿದ್ದ ಕಟ್ಟುಪಾಡು ಅದಕ್ಕೆ ಕಾರಣವೆಂದು ಅವರೇ ಹೇಳಿಕೊಂಡಿದ್ದರು. 2023ರಲ್ಲಿ ಅವರು ತೀರಿಕೊಂಡಾಗ ಅವರ ಧೈರ್ಯದ ಬಗ್ಗೆ ಎಲ್ಲರೂ ಬರೆದರು. ಆ ಸದಸ್ಯತ್ವದ ಚೀಟಿಯ ಬಗ್ಗೆ ಬರೆದವರು ಕಡಿಮೆ. ಆ ಚೀಟಿ ಇಲ್ಲದಿದ್ದರೆ ಹಿರೇಹಂದಿಗೋಳದ ಹುಡುಗಿಯ ಕೈಗೆ ‘ಚಂದ್ರಗಿರಿ’ ಬರುತ್ತಿತ್ತೇ?

ಗ್ರಂಥಾಲಯ ಶಾಸ್ತ್ರದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಐದು ಸೂತ್ರಗಳನ್ನು ಮುಂದಿಟ್ಟರು. ಪ್ರತಿ ಓದುಗನಿಗೆ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೆ ಅದರ ಓದುಗ ಸಿಗಬೇಕು ಎಂಬುವು ಅವುಗಳಲ್ಲಿ ಎರಡು. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಅಡಿಗೆ ಬಂದವು. ಈಗ ಅವನ್ನು ‘ಅರಿವು ಕೇಂದ್ರ’ ಎನ್ನುತ್ತಾರೆ. ಕಂಪ್ಯೂಟರು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಎಲ್ಲವೂ ಬೇಕು. ಆದರೆ ಕಪಾಟಿನಲ್ಲಿರುವ ‘ಫಣಿಯಮ್ಮ’ಳನ್ನು ಎದುರಿಗಿರುವ ಹುಡುಗಿಗೆ ಪರಿಚಯಿಸುವ ಒಬ್ಬ ಮನುಷ್ಯ ಬೇಕೇ ಬೇಕು. ಆ ಕೆಲಸವನ್ನು ಗ್ರಂಥಪಾಲಕರ ಮೇಲೆ ಮಾತ್ರ ಹೊರಿಸುವಂತಿಲ್ಲ. ಊರಿನಲ್ಲಿ ಓದುವವರು ನಾಲ್ಕು ಜನರಿದ್ದರೂ ಅವರದೂ ಆ ಹೊಣೆ.

ಯಾರನ್ನೂ ಕೇಳದೆ, ಕಪಾಟಿನ ಮುಂದೆ ನಿಂತು ಕೈಗೆ ಸಿಕ್ಕಿದ್ದನ್ನು ಓದುವುದೇ ನಿಜವಾದ ಸ್ವಾತಂತ್ರ್ಯ ಎನ್ನುವವರಿದ್ದಾರೆ. ಅದರಲ್ಲೂ ಸತ್ಯವಿದೆ; ನಾವೂ ಹಾಗೆ ಸಿಕ್ಕ ಪುಸ್ತಕಗಳಿಂದ ಬೆಳೆದವರೇ. ಆದರೆ ಮನೆ ತುಂಬ ಪುಸ್ತಕವಿರುವವರಿಗೆ ಆ ಸ್ವಾತಂತ್ರ್ಯ ಸುಲಭ. ಮೊದಲ ತಲೆಮಾರಿನ ಓದುಗರಿಗೆ ಕಪಾಟಿನ ಸಾಲು ಕಣ್ಣು ಕತ್ತಲೆ ಬರಿಸುತ್ತದೆ. ಕೇಳುವುದು ಅವರಿಗೆ ಅಗತ್ಯ, ಅದರಲ್ಲಿ ಅವಮಾನವೇನೂ ಇಲ್ಲ. ನಮ್ಮ ಪ್ರವಾದಿಯವರಿಗೆ ಬಂದ ಮೊದಲ ಆದೇಶ ‘ಇಕ್ರಾ’, ಓದು ಎಂಬುದು. ತಮಗೆ ಓದಲು ಬಾರದು ಎಂಬುದೇ ಅವರ ಮೊದಲ ಉತ್ತರವಾಗಿತ್ತೆಂದು ಹದೀಸ್ ಹೇಳುತ್ತದೆ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವಲ್ಲಿಂದ ಓದು ಶುರುವಾಗುತ್ತದೆ. ಆ ಹುಡುಗಿ ಹತ್ತು ಜನರ ಮುಂದೆ ಬಂದು ಕೇಳಿದ್ದು ಅಂಥ ಒಪ್ಪಿಗೆಯನ್ನೇ. ನಾವಾದರೋ, ಗೊತ್ತಿದೆ ಎಂಬುದನ್ನು ತೋರಿಸಿಕೊಳ್ಳುವ ಅವಸರದಲ್ಲಿದ್ದೆವು.

‘ಫಣಿಯಮ್ಮ’ಳ ಪ್ರತಿಯನ್ನು ಮಾಸ್ತರರೇ ಹುಡುಕಿ ತಂದುಕೊಟ್ಟರೆಂದು ಆಮೇಲೆ ತಿಳಿಯಿತು. ಹುಡುಗಿ ಅದನ್ನು ಸಂಜೆ ಹೊತ್ತು ಅಜ್ಜಿಗೂ ಓದಿ ಹೇಳುತ್ತಿದ್ದಾಳಂತೆ. ಮುಗಿದ ಮೇಲೆ ಮತ್ತೆ ಕೇಳುತ್ತಾಳೆ. ಈ ಸಲ ನಾವು ಪಟ್ಟಿ ಕೊಡುವುದಿಲ್ಲ, ಮೊದಲು ಅವಳ ಮಾತು ಕೇಳುತ್ತೇವೆ.

ಕೊನೆಗೆ ಓದುಗರಲ್ಲಿ ನಮ್ಮದೂ ಒಂದು ಕೋರಿಕೆ. ನಾವು ಇತ್ತೀಚೆಗೆ ಓದಿದ್ದು ಬೊಳುವಾರರ ‘ಸ್ವಾತಂತ್ರ್ಯದ ಓಟ’. ಸಾವಿರ ಪುಟ ದಾಟುವ ಕಾದಂಬರಿ. ದೇಶ ವಿಭಜನೆಯಂಥ ದೊಡ್ಡ ಘಟನೆ ಮುತ್ತುಪ್ಪಾಡಿಯಂಥ ಸಣ್ಣ ಊರಿನ ಮಾತುಕತೆಯಲ್ಲಿ ಕರಗುವ ರೀತಿ ನಮಗೆ ಬಹಳ ಹಿಡಿಸಿತು. ನಡುವೆ ಪಾತ್ರಗಳ ಜಾತ್ರೆಯಲ್ಲಿ ದಾರಿ ತಪ್ಪಿ ಎರಡು ಸಲ ಪುಸ್ತಕ ಮುಚ್ಚಿಟ್ಟದ್ದೂ ನಿಜ. ಒಂದು ಊರು ತನ್ನ ನೆರೆಹೊರೆಯನ್ನು ಹೇಗೆ ಉಳಿಸಿಕೊಳ್ಳುತ್ತದೆ ಎಂಬ ಪ್ರಶ್ನೆ ಮಾತ್ರ ಮುಗಿದ ಮೇಲೂ ನಮ್ಮಲ್ಲಿ ಉಳಿದಿದೆ. ಇದನ್ನು ಮನಸ್ಸಿನಲ್ಲಿಟ್ಟು ಹೇಳಿ, ನಮ್ಮ ಹೆಸರು ನೋಡಿ ಬೇಡ: ನಾವು ಮುಂದೆ ಏನು ಓದೋಣ?